ಊರು ಬಿಡದವರ ಊರು

ಇಂಗ್ಲೆಂಡಿನ ಷೆಫೀಲ್ಡ್‌ನಲ್ಲಿರುವ ತಂಗಿ "ಅಕ್ಕಾ, ಒಂದು ಹಳ್ಳಿ ತೋರಿಸ್ತೀನಿ ಬಾ" ಅಂದಳು. ಹೊರಟೆವು. ಡರ್ಬಿಶೈರ್ ಗುಡ್ಡಗಳ ನಡುವೆ ಇರುವ ಪುಟ್ಟ ಊರು ಅದು. ಬೋರ್ಡಿನಲ್ಲಿ Eyam ಅಂತ ಬರೆದಿದ್ದರೂ ಅಲ್ಲಿನವರು ಕರೆಯುವುದು ಈಮ್ ಅಂತ.

ಚರ್ಚಿನ ಪಕ್ಕದಲ್ಲೇ ಸಾಲಾಗಿ ಕಲ್ಲಿನ ಮನೆಗಳು. ಮುಂದೆ ಹೂವಿನ ಗಿಡ, ಕಿಟಕಿಗೆ ಪರದೆ. ಇವತ್ತಿಗೂ ಜನ ವಾಸವಾಗಿದ್ದಾರೆ. ಒಂದು ಮನೆಯ ಮುಂದಿನ ಹಸಿರು ಫಲಕದಲ್ಲಿ ಒಂದೇ ಕುಟುಂಬದವರ ಹೆಸರುಗಳಿವೆ. 1665ರಲ್ಲಿ ಇಲ್ಲಿದ್ದ ದರ್ಜಿ ಅಲೆಕ್ಸಾಂಡರ್ ಹ್ಯಾಡ್‌ಫೀಲ್ಡ್‌ಗೆ ಲಂಡನ್ನಿನಿಂದ ಬಟ್ಟೆಯ ಗಂಟು ಬಂತು. ಒದ್ದೆಯಾಗಿದೆ ಅಂತ ಅವನ ಹತ್ತಿರ ಕೆಲಸಕ್ಕಿದ್ದ ಜಾರ್ಜ್ ವಿಕರ್ಸ್ ಅದನ್ನು ಬಿಚ್ಚಿ ಬೆಂಕಿಯ ಮುಂದೆ ಹರಡಿದನಂತೆ. ಬಟ್ಟೆಯಲ್ಲಿ ಚಿಗಟ, ಚಿಗಟದಲ್ಲಿ ಪ್ಲೇಗು. ಸೆಪ್ಟೆಂಬರ್ ಮೊದಲ ವಾರದಲ್ಲೇ ವಿಕರ್ಸ್ ಸತ್ತ. ಆಮೇಲೆ ಮನೆಯೊಡತಿ ಮೇರಿಯ ಇಬ್ಬರು ಗಂಡುಮಕ್ಕಳು, ಮರುವರ್ಷ ಗಂಡ. ಉಳಿದವಳು ಅವಳೊಬ್ಬಳೇ.

ನಮ್ಮಜ್ಜಿ ಹೇಳುತ್ತಿದ್ದ ಪ್ಲೇಗಿನ ಮಾತು ಅಲ್ಲೇ ನೆನಪಾಯಿತು. ನಮ್ಮ ಕಡೆ ಇಲಿ ಬಿತ್ತು ಅಂದರೆ ಊರಿಗೆ ಊರೇ ಖಾಲಿ. ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಅಲ್ಲೇ ಅಡುಗೆ, ಅಲ್ಲೇ ಬಾಣಂತನ. ಜೀವ ಉಳಿಸಿಕೊಳ್ಳೋಕೆ ಯಾರಾದರೂ ಮಾಡುವುದು ಅದನ್ನೇ ಅಲ್ವಾ? ಈಮ್‌ನವರು 1666ರ ಜೂನ್‌ನಲ್ಲಿ ಊರು ಬಿಡೋದಿಲ್ಲ ಅಂತ ತೀರ್ಮಾನಿಸಿದರು. ತಾವು ಹೋದರೆ ರೋಗ ಸುತ್ತಲಿನ ಊರುಗಳಿಗೂ ಹೋಗುತ್ತದೆ ಅಂತ. ಕೈಲಾದ ಕೆಲವರು ಅದಕ್ಕೂ ಮೊದಲೇ ಹೊರಟುಹೋಗಿದ್ದರು ಅನ್ನೋದನ್ನೂ ಹೇಳಬೇಕು. ಉಳಿದವರಲ್ಲಿ ಹೋಗಲು ಬೇರೆ ಜಾಗವೇ ಇಲ್ಲದವರು ಜಾಸ್ತಿ. ಆದರೂ ಉಳಿದರು.

ಅವರನ್ನು ಒಪ್ಪಿಸಿದವರು ಇಬ್ಬರು ಪಾದ್ರಿಗಳು. ವಿಲಿಯಂ ಮಾಂಪೆಸನ್ ಆಗಿನ್ನೂ ಮೂವತ್ತು ತುಂಬದ ಹುಡುಗ, ಊರಿಗೆ ಹೊಸಬ, ಜನಕ್ಕೆ ಅವನ ಮೇಲೆ ನಂಬಿಕೆ ಇರಲಿಲ್ಲ. ಜನ ನಂಬುತ್ತಿದ್ದದ್ದು ಧರ್ಮದ ತಕರಾರಿನಲ್ಲಿ ಕೆಲಸ ಕಳೆದುಕೊಂಡಿದ್ದ ಹಳೆಯ ಪಾದ್ರಿ ಥಾಮಸ್ ಸ್ಟಾನ್ಲಿಯನ್ನು. ಇಬ್ಬರದೂ ಎರಡು ದಾರಿ. ಆದರೂ ಒಟ್ಟಿಗೆ ನಿಂತು ಮಾತಾಡಿದರು. ನನಗೆ ಇದು ಬಹಳ ದೊಡ್ಡದು ಅನ್ನಿಸಿತು. ಚರ್ಚಿನ ಬಾಗಿಲು ಮುಚ್ಚಿ ಪ್ರಾರ್ಥನೆಯನ್ನು ಬಯಲಿಗೆ ತಂದರು. ಅವರವರ ಮನೆಯ ಹೆಣವನ್ನು ಅವರವರೇ ಹೂಳಬೇಕು ಅಂತ ಆಯಿತು. ಮಾಂಪೆಸನ್ ಮಕ್ಕಳನ್ನು ಹೊರಗೆ ಕಳಿಸಿದ, ಹೆಂಡತಿ ಕ್ಯಾಥರೀನ್ ಮಾತ್ರ ಹೋಗಲಿಲ್ಲ. ಆಗಸ್ಟ್‌ನಲ್ಲಿ ಅವಳೂ ತೀರಿಕೊಂಡಳು. ಚರ್ಚಿನ ಅಂಗಳದಲ್ಲಿ ಅವಳ ಸಮಾಧಿ ಇದೆ.

ಊರಾಚೆ ಗುಡ್ಡದ ಇಳಿಜಾರಿನಲ್ಲಿ ಹುಲ್ಲಿನ ನಡುವೆ ಒಂದು ದುಂಡಗಿನ ಕಲ್ಲುಗೋಡೆ. ಒಳಗೆ ಹ್ಯಾನ್‌ಕಾಕ್ ಮನೆಯವರ ಸಮಾಧಿಗಲ್ಲುಗಳು. ಎಲಿಜಬೆತ್ ಹ್ಯಾನ್‌ಕಾಕ್ ಆ ಆಗಸ್ಟ್‌ನಲ್ಲಿ ಎಂಟೇ ದಿನದಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ತಾನೇ ಎಳೆದು ತಂದು, ತಾನೇ ಗುಂಡಿ ತೋಡಿ ಹೂತಳು. ತಂಗಿ ಕಲ್ಲುಗಳನ್ನು ಎಣಿಸುತ್ತಾ ಹೋದವಳು ನಡುವೆ ನಿಲ್ಲಿಸಿಬಿಟ್ಟಳು. ನಾನೂ ಏನೂ ಮಾತಾಡಲಿಲ್ಲ.

ನವೆಂಬರ್ 1ಕ್ಕೆ ಕೊನೆಯ ಸಾವು. ಹದಿನಾಲ್ಕು ತಿಂಗಳಲ್ಲಿ ಸುಮಾರು 260 ಜನ ಹೋಗಿದ್ದರು.

ಸಂಜೆ ಪಕ್ಕದ ಊರು ಸ್ಟೋನಿ ಮಿಡಲ್ಟನ್ ಕಡೆಗೆ ಕಾಲುದಾರಿಯಲ್ಲಿ ನಡೆದೆವು. ದಾರಿಯಲ್ಲಿ ಗಡಿಕಲ್ಲು ಸಿಗುತ್ತದೆ. ಎದೆಮಟ್ಟ ಇರುತ್ತದೇನೋ ಅಂದುಕೊಂಡಿದ್ದೆ, ನೋಡಿದರೆ ನೆಲಕ್ಕೆ ಒರಗಿದ ದಪ್ಪ ಬಂಡೆ. ಮೇಲೆ ಆರು ಗುಳಿಗಳು. ಕಾಸಿನಿಂದ ರೋಗ ಅಂಟದಿರಲಿ ಅಂತ ಊರವರು ಗುಳಿಗೆ ವಿನೆಗರ್ ಸುರಿದು ಅದರಲ್ಲಿ ಕಾಸು ಹಾಕಿ ಹಿಂದೆ ಸರಿಯುತ್ತಿದ್ದರು. ಪಕ್ಕದ ಊರಿನವರು ಊಟ, ಔಷಧಿ ಇಟ್ಟು ಕಾಸು ಎತ್ತಿಕೊಂಡು ಹೋಗುತ್ತಿದ್ದರು. ಒಂದು ಗುಳಿಗೆ ಬೆರಳು ಹಾಕಿ ನೋಡಿದೆ. ಅಂಚು ಸವೆದು ನುಣುಪಾಗಿದೆ. ಒಳಗೆ ಬೆಳಗಿನ ಮಳೆನೀರು, ತಣ್ಣಗಿತ್ತು.