ಇನ್ನೊಬ್ಬರ ಬಂಡವಾಳ, ನಮ್ಮ ಪತ್ರಿಕೆ

ಕನ್ನಡದಲ್ಲಿ ಹೊಸ ಮಾಸಪತ್ರಿಕೆಯೊಂದನ್ನು ಆರಂಭಿಸಬೇಕೆಂಬ ಆಸೆಯಿದ್ದ ಕಟ್ಟಡ ಉದ್ಯಮಿಯೊಬ್ಬರು ಕಳೆದ ವರ್ಷ ಒಂದು ಭಾನುವಾರ ನನ್ನನ್ನು ಬಸವನಗುಡಿಯ ತಮ್ಮ ಮನೆಗೆ ಕರೆಸಿಕೊಂಡಿದ್ದರು. ದುಡಿಯುವ ವಯಸ್ಸಿನ ಗಂಡಸರು ಮನಸ್ಸಿಟ್ಟು ಓದುವಂಥ ಪತ್ರಿಕೆ ಬೇಕು, ಸಂಪಾದಕತ್ವವನ್ನು ನೀವೇ ವಹಿಸಿಕೊಳ್ಳಬೇಕು ಎಂಬುದು ಅವರ ಕೋರಿಕೆ. ಯಾವ ಪತ್ರಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಿದ್ದೀರಿ ಎಂದು ನಾನು ಕೇಳಿದಾಗ ಅವರು ಒಳಗಿನಿಂದ, ಗಂಡಸರಿಗೆಂದೇ ಬರುತ್ತಿದ್ದ ಇಂಗ್ಲಿಷ್ ಮಾಸಪತ್ರಿಕೆ 'ಡೆಬೊನೇರ್'ನ ಹಳೆಯ ಸಂಚಿಕೆಗಳ ಕಟ್ಟೊಂದನ್ನು ತಂದು ಮೇಜಿನ ಮೇಲಿಟ್ಟರು. "ನಮ್ಮ ಚಿಕ್ಕಪ್ಪ ಬೊಂಬಾಯಿಯಲ್ಲಿದ್ದಾಗ ಕೊಂಡದ್ದು ಸರ್. ಅಜ್ಜಿಯ ಕಣ್ಣಿಗೆ ಬೀಳದ ಹಾಗೆ ಟ್ರಂಕಿನ ತಳದಲ್ಲಿ ಇಟ್ಟಿದ್ದರಂತೆ" ಎಂದರು.

ಅಂಥ ಪತ್ರಿಕೆಯನ್ನು ಅಡಗಿಸಿಟ್ಟುಕೊಂಡವರು ಅವರ ಚಿಕ್ಕಪ್ಪ ಒಬ್ಬರೇ ಅಲ್ಲ. ಪತ್ರಿಕೆ ಚೆನ್ನಾಗಿದೆ, ಆದರೆ ದಿಂಬಿನ ಕೆಳಗಿಟ್ಟುಕೊಳ್ಳಬೇಕಾಗುತ್ತದೆ ಎಂದು ಅಟಲ್ ಬಿಹಾರಿ ವಾಜಪೇಯಿಯವರು ಹೇಳಿದ್ದನ್ನು ಅದರ ಸಂಪಾದಕರಾಗಿದ್ದ ವಿನೋದ್ ಮೆಹ್ತಾ ನೆನೆಸಿಕೊಂಡಿದ್ದಾರೆ. ಮೇಜಿನ ಮೇಲಿದ್ದ ಸಂಚಿಕೆಗಳನ್ನು ತಿರುವುತ್ತಾ ಹೋದಂತೆ ನಡುಪುಟಗಳ ಅರೆಬೆತ್ತಲೆ ಚಿತ್ರಗಳ ಅಕ್ಕಪಕ್ಕದಲ್ಲೇ ದೀರ್ಘ ಸಂದರ್ಶನ, ಕತೆ, ಇಂಗ್ಲಿಷಿನಲ್ಲಿ ಬರೆಯುವ ಭಾರತೀಯ ಕವಿಗಳ ಕವಿತೆ, ಎಲ್ಲವೂ ಕಾಣಿಸಿದವು. ಆ ಚಿತ್ರಗಳ ಬಗ್ಗೆ ನನಗೆ ಒಲವಿಲ್ಲ. ಹೆಣ್ಣನ್ನು ಸರಕಾಗಿಸುವ ಆ ದಾರಿ ಕನ್ನಡಕ್ಕೆ ಬೇಡ ಎಂದು ಅಲ್ಲಿಯೇ ಹೇಳಿದೆ. ಆದರೆ ಉಳಿದ ಪುಟಗಳ ಹಿಂದಿದ್ದ ಶ್ರದ್ಧೆಯನ್ನು ಮೆಚ್ಚದಿರಲಾಗಲಿಲ್ಲ.

ರಾವಲ್ಪಿಂಡಿಯಲ್ಲಿ ಹುಟ್ಟಿ, ದೇಶ ವಿಭಜನೆಯ ನಂತರ ಲಖನೌದಲ್ಲಿ ಬೆಳೆದು, ಬಿ.ಎ.ಯಲ್ಲಿ ಮೂರನೆಯ ದರ್ಜೆ ಪಡೆದು, ಲಂಡನ್ನಿನಲ್ಲಿ ಕೆಲವು ವರ್ಷ ಸಿಕ್ಕ ಕೆಲಸ ಮಾಡಿ ಬಂದ ಮೆಹ್ತಾ ಮುಂಬಯಿಯ ಜಾಹೀರಾತು ಸಂಸ್ಥೆಯಲ್ಲಿ ಬರಹಗಾರರಾಗಿದ್ದರು. 1974ರಲ್ಲಿ ಡೆಬೊನೇರ್ ಅವರ ಕೈಗೆ ಬಂತು. ಅಲ್ಲಿಂದ ಮುಂದೆ ಅವರು ಕಟ್ಟಿದ ಪತ್ರಿಕೆಗಳ ಸಾಲು ಯಾವ ಉದ್ಯಮಿಗೂ ಕಡಿಮೆಯಲ್ಲ: 1981ರಲ್ಲಿ ಭಾನುವಾರಕ್ಕೆಂದೇ ಮೀಸಲಾದ 'ಸಂಡೆ ಅಬ್ಸರ್ವರ್', 1987ರಲ್ಲಿ 'ಇಂಡಿಯನ್ ಪೋಸ್ಟ್', 1989ರಲ್ಲಿ 'ಇಂಡಿಪೆಂಡೆಂಟ್', ತೊಂಬತ್ತರ ದಶಕದ ಆರಂಭದಲ್ಲಿ 'ಪಯೋನಿಯರ್'ನ ದೆಹಲಿ ಆವೃತ್ತಿ, 1995ರಲ್ಲಿ 'ಔಟ್‌ಲುಕ್'. ಇಂಡಿಪೆಂಡೆಂಟ್ ಆರಂಭವಾಗಿ ತಿಂಗಳು ತುಂಬುವುದರೊಳಗೆ, ಮಹಾರಾಷ್ಟ್ರದ ಮೊದಲ ಮುಖ್ಯಮಂತ್ರಿಯಾಗಿದ್ದ ದಿವಂಗತ ಯಶವಂತರಾವ್ ಚವಾಣರ ಮೇಲೆ ಗೂಢಚರ್ಯೆಯ ಆರೋಪ ಹೊರಿಸಿದ ವರದಿಗೆ ಮಹಾರಾಷ್ಟ್ರವೇ ಕೆರಳಿದ್ದರಿಂದ ಅವರು ರಾಜೀನಾಮೆ ಕೊಡಬೇಕಾಯಿತು. ಅಷ್ಟಾದ ಮೇಲೂ ಮತ್ತೊಂದು ಪತ್ರಿಕೆಯನ್ನು ಕಟ್ಟಲು ಬೇಕಾದ ಛಲ ಎಲ್ಲರಿಗೂ ಇರುವುದಿಲ್ಲ.

ಇವುಗಳಲ್ಲಿ ಒಂದು ಪತ್ರಿಕೆಗೂ ಅವರು ಮಾಲೀಕರಾಗಿರಲಿಲ್ಲ ಎಂಬುದೇ ಆ ಭಾನುವಾರ ನನ್ನನ್ನು ಕಾಡಿದ ಸಂಗತಿ. ಇಂಡಿಯನ್ ಪೋಸ್ಟ್‌ನ ಹಿಂದೆ ರೇಮಂಡ್ಸ್ ಬಟ್ಟೆಯ ಸಿಂಘಾನಿಯಾ ಇದ್ದರು, ಪಯೋನಿಯರ್‌ನ ಹಿಂದೆ ಕಾಗದ ಕಾರ್ಖಾನೆಗಳ ಥಾಪರ್, ಔಟ್‌ಲುಕ್‌ನ ಹಿಂದೆ ಬ್ಯಾಟರಿ, ಸಿಮೆಂಟ್ ಉದ್ಯಮಗಳ ರಾಜನ್ ರಹೇಜಾ. ಪತ್ರಿಕೆಯ ಮುಖಬೆಲೆಯಿಂದ ಕಾಗದ, ಮುದ್ರಣ, ಸಾಗಣೆಯ ಖರ್ಚು ಹುಟ್ಟುವುದಿಲ್ಲವಾದ್ದರಿಂದ ಉಳಿದದ್ದನ್ನು ಜಾಹೀರಾತು ತುಂಬಬೇಕು. ಅದೂ ಸಾಲದಿದ್ದರೆ ಮಾಲೀಕರ ಬೇರೆ ವ್ಯಾಪಾರದ ಲಾಭ ತುಂಬಬೇಕು. ಸಂಪಾದಕನನ್ನು ಬಗ್ಗಿಸಲಾಗದ ಅಧಿಕಾರಸ್ಥರು ಆ ಬೇರೆ ವ್ಯಾಪಾರದ ಮೇಲೆ ಕೈ ಹಾಕುತ್ತಾರೆ. 2001ರಲ್ಲಿ ಔಟ್‌ಲುಕ್ ಪ್ರಧಾನಿ ಕಚೇರಿಯ ಬಗ್ಗೆ ವರದಿ ಪ್ರಕಟಿಸಿದ ಕೆಲವೇ ತಿಂಗಳಲ್ಲಿ ರಹೇಜಾ ಸಮೂಹದ ಕಚೇರಿಗಳ ಮೇಲೆ ಆದಾಯ ತೆರಿಗೆಯವರ ದಾಳಿ ನಡೆಯಿತು; ಆಗ ಪ್ರಧಾನಿಯಾಗಿದ್ದವರು ಅದೇ ವಾಜಪೇಯಿ. ಆದರೂ ಮೆಹ್ತಾ ಆ ಕುರ್ಚಿಯಲ್ಲಿ 2012ರವರೆಗೆ ಉಳಿದರು, ಅವರ ನಂತರ ಮೈಸೂರಿನ ಕೃಷ್ಣ ಪ್ರಸಾದ್ ಪ್ರಧಾನ ಸಂಪಾದಕರಾದರು. ಇಷ್ಟು ವರ್ಷ ಅವರು ಉಳಿದದ್ದರಲ್ಲಿ ಮಾಲೀಕರ ಪಾಲೂ ದೊಡ್ಡದು ಎಂದೇ ನಾನು ನಂಬಿದ್ದೇನೆ.

ಇದನ್ನೆಲ್ಲ ನಾನು ಆ ಉದ್ಯಮಿಗೆ ಬಿಡಿಸಿ ಹೇಳಿದೆ. ಪ್ರಕಟವಾಗುವ ಬರಹದ ಬಗ್ಗೆ ಕೊನೆಯ ಮಾತು ಸಂಪಾದಕನದ್ದೆಂಬ ಲಿಖಿತ ಒಪ್ಪಂದ ಬೇಕು, ಜಾಹೀರಾತು ವಿಭಾಗದವರು ಲೇಖನಗಳನ್ನು ಮೊದಲೇ ನೋಡುವಂತಿಲ್ಲ, ನಮ್ಮನ್ನೇ ಬೈದು ಬರೆದ ಓದುಗರ ಪತ್ರಗಳಿಗೆ ಔಟ್‌ಲುಕ್‌ನಲ್ಲಿದ್ದ ಹಾಗೆ ಜಾಗವಿರಬೇಕು ಎಂದು ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿದರು. "ಸರ್, ನನ್ನ ಪ್ಲಾನ್ ಮಂಜೂರಾತಿಗಳೆಲ್ಲ ಪಾಲಿಕೆಯಲ್ಲಿ ಕೂತಿರುತ್ತವೆ. ನಾಳೆ ಯಾರಾದರೂ ಮಂತ್ರಿ ಫೋನ್ ಮಾಡಿದರೆ ನಿಮ್ಮ ಪರವಾಗಿ ನಿಲ್ಲುತ್ತೇನೆ ಅಂತ ಇವತ್ತು ಮಾತು ಕೊಟ್ಟರೆ ಅದು ಸುಳ್ಳಾಗುತ್ತದೆ" ಎಂದರು. ಆ ಪ್ರಾಮಾಣಿಕತೆಗಾಗಿ ಅವರ ಮೇಲೆ ನನಗಿದ್ದ ಗೌರವ ಹೆಚ್ಚಾಯಿತು. ಅವರ ಮನೆಯಲ್ಲೇ ಊಟ ಮಾಡಿದೆ, ಕೆಲಸವನ್ನು ಒಪ್ಪಿಕೊಳ್ಳಲಿಲ್ಲ.

ನಮ್ಮ ಕಣ್ಣೆದುರಿಗೆ ಇನ್ನೊಂದು ದಾರಿಯೂ ಇದೆ. ಮೆಹ್ತಾ ಸಂಡೆ ಅಬ್ಸರ್ವರ್ ಆರಂಭಿಸುವ ಹಿಂದಿನ ವರ್ಷ, 1980ರಲ್ಲಿ, ಬೆಂಗಳೂರಿನಲ್ಲಿ ಪಿ. ಲಂಕೇಶರು ತಮ್ಮದೇ ಪತ್ರಿಕೆಯನ್ನು ಜಾಹೀರಾತಿಲ್ಲದೆ, ಓದುಗರು ಕೊಡುವ ಹಣವನ್ನೇ ನಂಬಿ ಆರಂಭಿಸಿ ನಡೆಸಿ ತೋರಿಸಿದ್ದರು. ಆ ಕಾಲದ ಮಾರಾಟ ಈಗ ಯಾರಿಗೂ ಸಿಗಲಾರದು. ಆದರೂ ಗೆಳೆಯರೊಡನೆ ಕೂತು, ಚಂದಾ ಹಣವೊಂದರಿಂದಲೇ ನಡೆಯಬಲ್ಲ ತ್ರೈಮಾಸಿಕವೊಂದಕ್ಕೆ ಕಾಗದ, ಮುದ್ರಣ ಮತ್ತು ಅಂಚೆಯ ಖರ್ಚಿನ ಲೆಕ್ಕ ಹಾಕಲು ಆರಂಭಿಸಿದ್ದೇನೆ.