ಲಾವಾದಲ್ಲಿ ಕಡಲ ಹೂಳಿನ ಗುರುತು

ನಿಕರಾಗುವಾದ ಹೊಸ ಲಾವಾದಲ್ಲಿ ಬೆರಿಲಿಯಂ-10 (ಬೆರಿಲಿಯಂ ಧಾತುವಿನ ವಿಕಿರಣಶೀಲ ರೂಪ) ಹೇರಳವಾಗಿದೆ, ಪಕ್ಕದ ಕೋಸ್ಟಾರಿಕಾದಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಎರಡರ ಕೆಳಗೂ ನುಗ್ಗುತ್ತಿರುವುದು ಕಡಲ ತಳದ ಅದೇ ಭೂಫಲಕ, ಕೋಕೋಸ್. ಈ ಐಸೋಟೋಪನ್ನು (ಒಂದೇ ಧಾತುವಿನ ಬೇರೆ ತೂಕದ ಪರಮಾಣುವನ್ನು) ಕಾಸ್ಮಿಕ್ ಕಿರಣಗಳು ವಾತಾವರಣದಲ್ಲಿ ಹುಟ್ಟಿಸುತ್ತವೆ. ಅದು ಕಡಲ ತಳದ ಹೂಳಿಗೆ ಸೇರಿ, ಫಲಕದ ಬೆನ್ನೇರಿ ಆಳಕ್ಕಿಳಿದು, ಶಿಲಾಪಾಕದ ಜೊತೆ ಮೇಲೆ ಬರುತ್ತದೆ. ಮಳೆಯಲ್ಲೂ ಅದು ಸುರಿಯುವುದರಿಂದ ಈಚೆಗೆ ಉಕ್ಕಿದ, ಶಿಥಿಲವಾಗದ ಕಲ್ಲೇ ಬೇಕು.

ಆದರೆ ಕಾಲಕಾಲಕ್ಕೆ ಆದ ಬದಲಾವಣೆ ತಿಳಿಯಲು ಬೆರಿಲಿಯಂ ಸಾಲದು. ಅದರ ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಕರಗಿಹೋಗಲು ಬೇಕಾದ ಕಾಲ, ಸುಮಾರು 13.9 ಲಕ್ಷ ವರ್ಷ. ಕೋಟಿ ವರ್ಷದಲ್ಲಿ ಶೇ. 1ರಷ್ಟೂ ಉಳಿಯುವುದಿಲ್ಲ. ಹಳೆಯ ಲಾವಾಕ್ಕೆ ಸ್ಟ್ರಾಂಷಿಯಂ, ನಿಯೋಡಿಮಿಯಂ, ಸೀಸಗಳ ಐಸೋಟೋಪ್ ಅನುಪಾತಗಳೇ ಗತಿ. ಕೋಸ್ಟಾರಿಕಾದ ಎಳೆಯ ಲಾವಾಗಳ ಸೀಸ ಗ್ಯಾಲಪಗೋಸ್ ಬಿಸಿಚುಕ್ಕೆಯ (ಆಳದಿಂದ ಬಿಸಿ ಶಿಲೆ ಉಕ್ಕುವ ತಾಣದ) ಕಲ್ಲುಗಳನ್ನು ಹೋಲುತ್ತದೆ. ಅಲ್ಲಿನ ಹಳೆಯ ಲಾವಾಗಳಲ್ಲಿ ಆ ಚಹರೆ ಇಲ್ಲ. ಆ ಬಿಸಿಚುಕ್ಕೆ ಬಿಟ್ಟುಹೋದ ಕಡಲಡಿಯ ಬೆಟ್ಟಸಾಲು, ಫಲಕ ಒಳಗೆ ನುಗ್ಗುವ ಕಡಲ ಕಂದಕಕ್ಕೆ ಬಂದು ಸೇರಿದ್ದರ ಗುರುತು ಇದು.

ಅಳೆಯುವವರು ಎಡವುವುದು ಬಹುಪಾಲು ಸ್ಟ್ರಾಂಷಿಯಂನಲ್ಲಿ. ಕಡಲ ನೀರಿನಲ್ಲಿ ಸ್ಟ್ರಾಂಷಿಯಂ-87ಕ್ಕೂ ಸ್ಟ್ರಾಂಷಿಯಂ-86ಕ್ಕೂ ಇರುವ ಅನುಪಾತ 0.7092, ಸಾಗರ ಮಧ್ಯದ ಬಸಾಲ್ಟಿನದು 0.703ರ ಆಸುಪಾಸು. ಹೂಳು ಬೆರೆತರೂ ಅಂಕಿ ಏರುತ್ತದೆ, ಕಲ್ಲು ಕಡಲ ನೀರು ಕುಡಿದರೂ ಏರುತ್ತದೆ. ಹಾಗಾಗಿ ಮೊದಲು ಹೊರಸಿಪ್ಪೆ ಕೊಯ್ದು ತೆಗೆಯಿರಿ. ಗರಗಸ ತಾಗಿದ ಮುಖವನ್ನು ಉಜ್ಜಿಬಿಡಿ, ಬ್ಲೇಡಿನ ಲೋಹ ಸೀಸದ ಅಳತೆ ಕೆಡಿಸೀತು. ಸುಮಾರು ಅರ್ಧದಿಂದ 1 ಮಿ.ಮೀ. ಚೂರು ಮಾಡಿ, ಬಿಳಿ ಖನಿಜ ತುಂಬಿದ ರಂಧ್ರಗಳಿರುವ ಚೂರುಗಳನ್ನು ಸೂಕ್ಷ್ಮದರ್ಶಕದಡಿ ಆರಿಸಿ ಬಿಸಾಡಿ. ಉಳಿದದ್ದನ್ನು ಬಿಸಿ 6 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದು, ಆಮೇಲೆ ಟೆಫ್ಲಾನ್ ಬಟ್ಟಲಲ್ಲಿ ಹೈಡ್ರೋಫ್ಲೋರಿಕ್, ನೈಟ್ರಿಕ್ ಆಮ್ಲಗಳಿಂದ ಕರಗಿಸಬೇಕು. ಆಮೇಲೆ ಧಾತುಗಳನ್ನು ಬೇರ್ಪಡಿಸುವ ರೆಸಿನ್ ಕಂಬದಲ್ಲಿ ರುಬಿಡಿಯಂ ಪೂರ್ತಿ ಬೇರೆಯಾಗದಿದ್ದರೆ, ತೂಕ ನೋಡಿ ಪರಮಾಣು ಎಣಿಸುವ ಯಂತ್ರದಲ್ಲಿ ರುಬಿಡಿಯಂ-87 ಸ್ಟ್ರಾಂಷಿಯಂ-87ರ ವೇಷದಲ್ಲಿ ಕೂತುಬಿಡುತ್ತದೆ.

ಕಾಲ ಕಳೆದಂತೆ ಕಲ್ಲಿನ ರುಬಿಡಿಯಂ-87 ಕ್ಷಯಿಸಿ ಸ್ಟ್ರಾಂಷಿಯಂ-87 ಆಗುತ್ತದೆ. ಅದಕ್ಕಾಗಿ ಮಾಡುವ ವಯಸ್ಸಿನ ತಿದ್ದುಪಡಿಗೆ ಅನೇಕರು ವಿಪರೀತ ತಲೆ ಕೆಡಿಸಿಕೊಳ್ಳುತ್ತಾರೆ. ರುಬಿಡಿಯಂ 20 ಪಿಪಿಎಂ (ಹತ್ತು ಲಕ್ಷದಲ್ಲಿ 20 ಭಾಗ), ಸ್ಟ್ರಾಂಷಿಯಂ 400 ಪಿಪಿಎಂ ಇರುವ ಕೋಟಿ ವರ್ಷದ ಲಾವಾಕ್ಕೆ ಅದು ಬರೀ 0.00002. ಸರಿಯಾಗಿ ತೊಳೆಯದೆ ಆಗುವ ತಪ್ಪು ಇದರ ಎಷ್ಟೋ ಪಟ್ಟು.

ಅನುಮಾನವಿದ್ದರೆ ಅದೇ ಕಲ್ಲಿನ ತೊಳೆದ, ತೊಳೆಯದ ಎರಡೂ ಭಾಗಗಳನ್ನು ಅಳೆಯಿರಿ. ಕಡಲ ನೀರಿನಲ್ಲಿ ನಿಯೋಡಿಮಿಯಂ ತೀರಾ ಕಡಿಮೆ; ತೊಳೆದ ಭಾಗದಲ್ಲಿ ಸ್ಟ್ರಾಂಷಿಯಂ ಅನುಪಾತ ಇಳಿದು ನಿಯೋಡಿಮಿಯಂನದು ಕದಲದಿದ್ದರೆ, ಇಳಿದಷ್ಟೂ ಕಡಲ ನೀರಿನ ಪಾಲು.