ಹೋಗದೆ ಹಾಕಿದ ರುಜು

ಕಾರಾಗೃಹ ಇಲಾಖೆಯಲ್ಲಿ ನಾನು ಜೈಲರ್ ಆಗಿದ್ದಾಗ, ಒಂದು ಮಳೆಗಾಲ ವಾರಗಟ್ಟಲೆ ರಾತ್ರಿ ರೌಂಡ್ಸ್‌ಗೆ ಹೋಗಲಿಲ್ಲ. ಬೆಳಿಗ್ಗೆ ಬಂದು ಪುಸ್ತಕಕ್ಕೆ ರುಜು ಹಾಕುತ್ತಿದ್ದೆ. ಎಣಿಕೆ ಸರಿ ಇರುತ್ತಿತ್ತು, ಗಲಾಟೆ ಇರಲಿಲ್ಲ, ಅಷ್ಟು ಸಾಕು ಅನ್ನಿಸಿತ್ತು.

ಒಂದು ದಿನ ಬೆಳಿಗ್ಗೆ ಎಣಿಕೆ ಮುಗಿದು ಎಲ್ಲರೂ ಎದ್ದರು. ಒಬ್ಬ ವಿಚಾರಣಾಧೀನ ಕೈದಿ, ಇನ್ನೂ ಹುಡುಗ, ಏಳಲಿಲ್ಲ. ಹತ್ತಿರ ಹೋಗಿ ನೋಡಿದೆ. ಎರಡೂ ಅಂಗಾಲು ಊದಿಕೊಂಡು ಚರ್ಮ ಮಿರಮಿರ ಹೊಳೆಯುತ್ತಿತ್ತು. "ಬಿದ್ದೆ ಸಾರ್" ಅಂದ. ಬಿದ್ದರೆ ಅಂಗಾಲು ಹಾಗಾಗುವುದಿಲ್ಲ. ರಾತ್ರಿ ಪಾಳಿಯ ವಾರ್ಡರನ್ನು ಕರೆಸಿ ಗದರಿದೆ. ಅವನು ನಿಜಕ್ಕೂ ಅಚ್ಚರಿಯಿಂದ ಕೇಳಿದ: "ನೀವು ಒಂದಿನಾನೂ ಬೇಡ ಅನ್ಲಿಲ್ವಲ್ಲ ಸಾರ್?"

ಆ ಮಾತು ನನಗೆ ಪೂರ್ತಿ ಅರ್ಥವಾಗಿದ್ದು ಎಷ್ಟೋ ಕಾಲದ ಮೇಲೆ, ಇರಾಕಿನ ಅಬು ಘ್ರೈಬ್ ಜೈಲಿನ ಬಗ್ಗೆ ಅಮೆರಿಕ ಸೇನೆಯ ಮೇಜರ್ ಜನರಲ್ ಆಂಟೋನಿಯೊ ಟಗೂಬಾ ಕೊಟ್ಟ ತನಿಖಾ ವರದಿ ಓದಿದಾಗ. ಫೋಟೊಗಳನ್ನು 2004ರಲ್ಲಿ ಜಗತ್ತೇ ನೋಡಿತು: ಬೆತ್ತಲೆ ಕೈದಿಗಳನ್ನು ಒಬ್ಬರ ಮೇಲೊಬ್ಬರನ್ನು ಪೇರಿಸಿ, ಪಕ್ಕದಲ್ಲಿ ನಗುತ್ತಾ ನಿಂತ ಅಮೆರಿಕದ ಸೈನಿಕರು. ಜೋಸೆಫ್ ಡಾರ್ಬಿ ಎಂಬ ಕೆಳ ದರ್ಜೆಯ ಸೈನಿಕ ಆ ವರ್ಷದ ಜನವರಿಯಲ್ಲಿ ಆ ಫೋಟೊಗಳಿದ್ದ ಸಿಡಿಯನ್ನು ತನಿಖಾಧಿಕಾರಿಗಳಿಗೆ ಕೊಡದಿದ್ದರೆ ಅದೆಲ್ಲ ಮುಚ್ಚಿಯೇ ಹೋಗುತ್ತಿತ್ತೇನೋ. ಆತನಿಗೆ ನಾನು ಮನಸ್ಸಿನಲ್ಲೇ ಎಷ್ಟೋ ಸಲ ಕೈ ಮುಗಿದಿದ್ದೇನೆ.

ಜೈಲಿನಲ್ಲಿ ಕೆಲಸ ಮಾಡಿದವನ ಕಣ್ಣಿಗೆ ಆ ವರದಿಯಲ್ಲಿ ಬೀಳುವುದೇ ಬೇರೆ. ಆರೇಳು ಸಾವಿರ ಕೈದಿಗಳಿಗೆ ಒಂದೇ ಬೆಟಾಲಿಯನ್. ಸುಮಾರು 100 ಪ್ರಮುಖ ಕೈದಿಗಳಿದ್ದ ಇನ್ನೊಂದು ಜೈಲಿಗೂ ಒಂದು ಬೆಟಾಲಿಯನ್! ಯುದ್ಧದಲ್ಲಿ ಸೆರೆಸಿಕ್ಕವರನ್ನು ಹೇಗೆ ನಡೆಸಿಕೊಳ್ಳಬೇಕು ಎಂದು ಹೇಳುವ ಜಿನೀವಾ ಒಪ್ಪಂದದ ತರಬೇತಿ ಕಾವಲಿನವರಿಗೆ ಸರಿಯಾಗಿ ಸಿಕ್ಕಿರಲಿಲ್ಲ. ವಿಚಾರಣೆಗೆ ಮುಂಚೆ ಕೈದಿಯನ್ನು ಮೆತ್ತಗೆ ಮಾಡಿಡುವ ಕೆಲಸವನ್ನೂ ಗುಪ್ತಚರದವರು ಅವರ ತಲೆಗೇ ಕಟ್ಟಿದ್ದರು. ಆ ಕಾವಲಿನವರ ಬ್ರಿಗೇಡಿನ ಮುಖ್ಯಸ್ಥೆ ಜಾನಿಸ್ ಕಾರ್ಪಿನ್ಸ್ಕಿ ಅಲ್ಲಿಗೆ ಬರುತ್ತಿದ್ದುದೇ ಅಪರೂಪ. ಕೈದಿಗಳನ್ನು ಹಿಂಸಿಸಿದ್ದಕ್ಕೆ ಹತ್ತು ವರ್ಷ ಶಿಕ್ಷೆಯಾದ ಸೈನಿಕ ಚಾರ್ಲ್ಸ್ ಗ್ರೇನರ್ ತನ್ನ ಊರಲ್ಲೂ ಜೈಲಿನ ಕಾವಲುಗಾರನೇ ಆಗಿದ್ದವನು. ಅದನ್ನು ಓದಿ ಹೊಟ್ಟೆ ತೊಳಸಿತು. ನಮ್ಮ ಕಸುಬಿನವನೇ, ಎಲ್ಲ ಗೊತ್ತಿದ್ದವನೇ.

ಅಲ್ಲಿ ಜೈಲು ಸೇರಿದ್ದು ಕೆಳಗಿನವರು. ಕಾರ್ಪಿನ್ಸ್ಕಿಗೆ ಕರ್ನಲ್ ಹುದ್ದೆಗೆ ಹಿಂಬಡ್ತಿಯಾಯಿತು, ಅಷ್ಟೇ.

ನಮ್ಮಲ್ಲಿ ಹುಡುಗನನ್ನು ಆಸ್ಪತ್ರೆಗೆ ಕಳಿಸಿದೆ, ವಾರ್ಡರ್ ಮೇಲೆ ವರದಿ ಬರೆದೆ, ಅವನು ಅಮಾನತಾದ. ನಾನು ರೌಂಡ್ಸ್‌ಗೆ ಹೋಗಿರಲಿಲ್ಲ ಎಂಬ ಒಂದು ಸಾಲನ್ನು ಮಾತ್ರ ಅದರಲ್ಲಿ ಬರೆಯಲಿಲ್ಲ. ಮಾರನೇ ರಾತ್ರಿಯಿಂದ ನಿವೃತ್ತಿಯವರೆಗೂ ಹೊತ್ತಲ್ಲದ ಹೊತ್ತಿನಲ್ಲಿ ಬ್ಯಾರಕ್‌ಗೆ ಹೋಗಿ, ಮಲಗಿದವರ ಕಾಲಿನ ಮೇಲೆ ಟಾರ್ಚ್ ಬಿಟ್ಟು ನೋಡುತ್ತಿದ್ದೆ. ಆ ಮಳೆಗಾಲದ ಪುಟಗಳಲ್ಲಿ ನನ್ನ ರುಜು ಹಾಗೇ ಇದೆ.